ಇಪ್ಪತ್ತಕ್ಕೆ ಕೈ ಪಳಗುತ್ತಾ? ಡಚ್ಚರು ಅರ್ಧಕ್ಕೆ ನಿಲ್ಲಿಸಿದ ಒಂದು ಟ್ರಯಲ್

2017ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ನಾಲ್ಕು ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದ ಒಂದು ಸರ್ಜರಿ ಟ್ರಯಲ್ ಅರ್ಧಕ್ಕೇ ನಿಂತಿತು. ನಿಲ್ಲಿಸಲು ಕಾರಣವಾಗಿದ್ದು ಅದರ ಮೇಲೆ ಕಣ್ಣಿಡಲು ನೇಮಿಸಿದ್ದ ಸುರಕ್ಷತಾ ಸಮಿತಿ. ಟ್ರಯಲ್ ಹೆಸರು ಲೆಪರ್ಡ್-2. ಸಣ್ಣ ತೂತುಗಳಲ್ಲಿ ಕ್ಯಾಮೆರಾ, ಉಪಕರಣ ತೂರಿಸಿ ಪ್ಯಾಂಕ್ರಿಯಾಸ್‌ನ ವಿಪಲ್ ಆಪರೇಷನ್ ಮಾಡಿದ 50 ರೋಗಿಗಳಲ್ಲಿ 5 ಜನ 90 ದಿನದೊಳಗೆ ತೊಡಕುಗಳಿಂದ ತೀರಿಕೊಂಡಿದ್ದರು. ಹೊಟ್ಟೆ ತೆರೆದು ಮಾಡಿದ 49ರಲ್ಲಿ ಒಬ್ಬರು.

ನಾನು ಸರ್ಜನ್ ಅಲ್ಲ. ಆಸ್ಪತ್ರೆಯ ಅಂಕಿಅಂಶ ನೋಡುವ ಕೆಲಸದವನು. ಈ ಪ್ರಕರಣಕ್ಕೆ ಮತ್ತೆ ಮತ್ತೆ ಮರಳಿ ಬರುತ್ತೇನೆ, ಅದಕ್ಕೊಂದು ಕಾರಣ ಇದೆ. ಹೊಸ ಸರ್ಜರಿಯಲ್ಲಿ ಅನಾಹುತ ಆದಾಗ ಸಾಮಾನ್ಯವಾಗಿ ಕೇಳುವ ಕಥೆ ಒಂದೇ: ತರಬೇತಿ ಇಲ್ಲ, ಅವಸರ, ದುರಾಸೆ, ವಾರಾಂತ್ಯದ ಒಂದು ಕೋರ್ಸ್ ಮುಗಿಸಿ ಸೋಮವಾರ ಓಟಿಗೆ (ಆಪರೇಷನ್ ಥಿಯೇಟರ್‌ಗೆ) ನುಗ್ಗಿದ ಡಾಕ್ಟರ್. ಇಲ್ಲಿ ಹಾಗಾಗಲಿಲ್ಲ. ಡಚ್ಚರು ಎಲ್ಲವನ್ನೂ ನಿಯಮದ ಪ್ರಕಾರ ಮಾಡಿದ್ದರು. ತರಬೇತಿ ಕೊಟ್ಟಿದ್ದರು, ಪ್ರತಿ ಸರ್ಜನ್ ಇಂಥ ತೂತು ಆಪರೇಷನ್ ಕನಿಷ್ಠ 20 ಮಾಡಿರಬೇಕು ಎಂದು ಗೆರೆ ಎಳೆದಿದ್ದರು, ಸಾವುಗಳನ್ನು ಎಣಿಸುವವರನ್ನು ಹೊರಗೆ ಕೂರಿಸಿದ್ದರು. ಆದರೂ ಹೀಗಾಯಿತು.

ಮೊದಲು ಆಪರೇಷನ್ ಎಂಥದ್ದು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ.

ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಜಠರದ ಹಿಂದೆ ಅಡ್ಡಕ್ಕೆ ಮಲಗಿರುತ್ತದೆ. ಅದರ ತಲೆಯ ಭಾಗಕ್ಕೆ ಅಥವಾ ಅಕ್ಕಪಕ್ಕದಲ್ಲಿ ಗಡ್ಡೆ ಬಂದರೆ ಆ ತಲೆಯನ್ನಷ್ಟೇ ತೆಗೆಯಲು ಬರುವುದಿಲ್ಲ. ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಒಂದು ತುಂಡು, ಕೆಲವೊಮ್ಮೆ ಜಠರದ ಕೆಳಭಾಗ, ಎಲ್ಲ ಒಟ್ಟಿಗೆ ಬರಬೇಕು. ತೆಗೆಯುವುದು ಅರ್ಧ ಕೆಲಸ. ಉಳಿದ ಅರ್ಧ ಜೋಡಿಸುವುದು: ಪ್ಯಾಂಕ್ರಿಯಾಸ್‌ನ ಉಳಿದ ತುಂಡನ್ನು ಕರುಳಿಗೆ, ಪಿತ್ತನಾಳವನ್ನು ಕರುಳಿಗೆ, ಜಠರವನ್ನು ಕರುಳಿಗೆ. ಮೂರು ಜೋಡಣೆ. ನ್ಯೂಯಾರ್ಕಿನ ಅಲೆನ್ ವಿಪಲ್ 1935ರಲ್ಲಿ ಪ್ರಕಟಿಸಿದ ವಿಧಾನ ಬೆಳೆದು ಹೀಗಾಗಿದೆ, ಅದಕ್ಕೇ ಆ ಹೆಸರು.

ಮೂರರಲ್ಲಿ ಮೊದಲನೆಯದೇ ಎಲ್ಲರ ನಿದ್ದೆ ಕೆಡಿಸುವುದು. ಪ್ಯಾಂಕ್ರಿಯಾಸ್‌ನ ನಾಳ ಕೆಲವರಲ್ಲಿ ಎರಡು ಮೂರು ಮಿಲಿಮೀಟರ್ ಅಗಲ ಇರುತ್ತದೆ ಅಷ್ಟೇ. ಸುತ್ತಲಿನ ಗ್ರಂಥಿ ಮೆತ್ತಗಿದ್ದರಂತೂ ಗಿಣ್ಣಿಗೆ ಹೊಲಿಗೆ ಹಾಕಿದ ಹಾಗೆ: ದಾರವನ್ನು ಕೊಂಚ ಬಿಗಿ ಎಳೆದರೆ ಹರಿದುಬರುತ್ತದೆ, ಸಡಿಲ ಬಿಟ್ಟರೆ ಸೋರುತ್ತದೆ. ಸೋರುವುದು ಬರೀ ನೀರಲ್ಲ, ಮಾಂಸ ಕರಗಿಸುವ ಜೀರ್ಣರಸ. ಅದು ಪಕ್ಕದ ರಕ್ತನಾಳದ ಗೋಡೆ ತಿಂದರೆ ಒಂದು ವಾರ ಚೆನ್ನಾಗಿದ್ದ ರೋಗಿ ರಾತ್ರೋರಾತ್ರಿ ರಕ್ತಸ್ರಾವದಿಂದ ಹೋಗಬಹುದು. ಇದಕ್ಕೆ ಫಿಸ್ಟುಲಾ ಎನ್ನುತ್ತಾರೆ. ನಾನು ಇಲ್ಲಿ ಸೋರಿಕೆ ಅಂತಲೇ ಬರೆಯುತ್ತೇನೆ.

ಈಗ ಇದೇ ಹೊಲಿಗೆಯನ್ನು ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಆ ಸಣ್ಣ ತೂತುಗಳ ಮೂಲಕ, ಹಾಕಬೇಕು ಅಂದುಕೊಳ್ಳಿ. ಉದ್ದನೆಯ ನೇರ ಕಡ್ಡಿಗಳು, ಹೊಟ್ಟೆಯ ಗೋಡೆಯೇ ಕೀಲು. ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ. ತುದಿಗೆ ಮಣಿಕಟ್ಟಿಲ್ಲ. ಪರದೆಯಲ್ಲಿ ಆಳ ಸರಿಯಾಗಿ ಕಾಣುವುದಿಲ್ಲ. 1994ರಲ್ಲಿ ಕೆನಡಾದ ಗ್ಯಾಗ್ನರ್ ಮತ್ತು ಪಾಂಪ್ ಲ್ಯಾಪ್ರೋಸ್ಕೋಪಿಯಲ್ಲಿ ಮೊದಲ ವಿಪಲ್ ವರದಿ ಮಾಡಿದಾಗ, ಮಾಡಬಹುದು ಸರಿ, ಆದರೆ ಇದರಿಂದ ರೋಗಿಗೆ ಏನು ಲಾಭ ಅನ್ನುವ ಪ್ರಶ್ನೆ ಎದ್ದಿತ್ತು. ಆ ಪ್ರಶ್ನೆ ಇವತ್ತಿಗೂ ಪೂರ್ತಿ ಮುಗಿದಿಲ್ಲ, ಕೊನೆಗೆ ಬರುತ್ತೇನೆ ಅದಕ್ಕೆ.

ಇಪ್ಪತ್ತು ಅನ್ನುವ ಗೆರೆ

ಹೊಸ ಸರ್ಜರಿಯಲ್ಲಿ ಮೊದಲ ರೋಗಿಗಳು ಜಾಸ್ತಿ ಬೆಲೆ ತೆರುತ್ತಾರೆ ಅನ್ನುವುದು ಡಚ್ಚರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಪಿತ್ತಕೋಶದ ಕಥೆ ಎಲ್ಲ ಸರ್ಜನ್‌ಗಳಿಗೂ ಬಾಯಿಪಾಠ. 1980ರ ದಶಕದ ಕೊನೆಯಲ್ಲಿ ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವುದು ಅಮೆರಿಕದಲ್ಲಿ ಕಾಡ್ಗಿಚ್ಚಿನ ಹಾಗೆ ಹಬ್ಬಿತು. 1991ರಲ್ಲಿ ಅಲ್ಲಿನ ದಕ್ಷಿಣ ರಾಜ್ಯಗಳ ಸರ್ಜನ್‌ಗಳ ಒಂದು ಗುಂಪು ತಮ್ಮ 1,518 ರೋಗಿಗಳ ಲೆಕ್ಕ ಪ್ರಕಟಿಸಿತು. ಪ್ರತಿ ತಂಡದ ಮೊದಲ 13 ರೋಗಿಗಳಲ್ಲಿ ಪಿತ್ತನಾಳಕ್ಕೆ ಪೆಟ್ಟಾಗಿದ್ದು ಶೇ 2.2. ಆಮೇಲಿನವರಲ್ಲಿ ಶೇ 0.1. ಅದೇ ಸರ್ಜನ್, ಅದೇ ಆಪರೇಷನ್, ಇಪ್ಪತ್ತು ಪಟ್ಟು ವ್ಯತ್ಯಾಸ. ನೀವು ಆ ಪಟ್ಟಿಯಲ್ಲಿ ಎಷ್ಟನೆಯವರು ಅನ್ನುವುದರ ಮೇಲೆ ನಿಮ್ಮ ಪಿತ್ತನಾಳದ ಹಣೆಬರಹ ನಿಂತಿತ್ತು.

ಹಾಗಾಗಿ ಡಚ್ ತಂಡ ಎಚ್ಚರಿಕೆಯಿಂದಲೇ ಹೊರಟಿತು. ಅವರಲ್ಲಿ ಇದಕ್ಕೆ ಬೇಕಾದ ಅಡಿಪಾಯವೂ ಇತ್ತು. ವರ್ಷಕ್ಕೆ ಕನಿಷ್ಠ 20 ವಿಪಲ್ ಮಾಡದ ಆಸ್ಪತ್ರೆ ಈ ಆಪರೇಷನ್ ಮಾಡುವ ಹಾಗಿರಲಿಲ್ಲ, ದೇಶದ ಎಲ್ಲ ಪ್ಯಾಂಕ್ರಿಯಾಸ್ ಸರ್ಜರಿಗಳ ಫಲಿತಾಂಶ ಒಂದು ರಾಷ್ಟ್ರೀಯ ಲೆಕ್ಕಕ್ಕೆ ಹೋಗುತ್ತಿತ್ತು. ನಮ್ಮಲ್ಲಿ ಇಂಥದ್ದೊಂದು ಲೆಕ್ಕಪುಸ್ತಕ ಇದ್ದರೆ ನನ್ನ ಕೆಲಸ ಎಷ್ಟು ಹಗುರವಾಗುತ್ತಿತ್ತು ಅಂತ ಹೊಟ್ಟೆಕಿಚ್ಚಾಗುತ್ತದೆ, ಇರಲಿ.

ಮೊದಲು ಸುಲಭದ್ದರಿಂದ ಶುರು ಮಾಡಿದರು. ಪ್ಯಾಂಕ್ರಿಯಾಸ್‌ನ ಬಾಲ ತೆಗೆಯುವ ಆಪರೇಷನ್‌ಗೆ ತರಬೇತಿ, ಆಮೇಲೆ ಅದಕ್ಕೊಂದು ಟ್ರಯಲ್, ಮೊದಲ ಲೆಪರ್ಡ್. ಬಾಲ ಕತ್ತರಿಸಿದರೆ ಮತ್ತೆ ಜೋಡಿಸುವ ಕೆಲಸ ಇಲ್ಲ. ಫಲಿತಾಂಶ ಚೆನ್ನಾಗಿ ಬಂತು: ತೂತು ಆಪರೇಷನ್ ಆದವರು 4 ದಿನಕ್ಕೆ ಎದ್ದು ಓಡಾಡುವ ಸ್ಥಿತಿಗೆ ಬಂದರು, ಹೊಟ್ಟೆ ತೆರೆದವರಿಗೆ 6 ದಿನ ಬೇಕಾಯಿತು.

ತಲೆಯ ಕಡೆಗೂ ತರಬೇತಿ ಆಗಲೇ ಶುರುವಾಗಿತ್ತು. ಅದರ ಹೆಸರು ಲೇಲ್ಯಾಪ್ಸ್-2. ಒಂದಕ್ಕೆ ಗ್ರೀಕ್ ಪುರಾಣದ ಬೇಟೆನಾಯಿಯ ಹೆಸರು, ಇನ್ನೊಂದಕ್ಕೆ ಚಿರತೆಯದು, ಈ ತಂಡಕ್ಕೆ ಪ್ರಾಣಿಗಳೆಂದರೆ ಬಹಳ ಪ್ರೀತಿ ಇರಬೇಕು. 2014ರಿಂದ 2016ರ ನಡುವೆ ನಾಲ್ಕು ಆಸ್ಪತ್ರೆಗಳಲ್ಲಿ 114 ರೋಗಿಗಳಿಗೆ ಲ್ಯಾಪ್ರೋಸ್ಕೋಪಿಯಲ್ಲಿ ವಿಪಲ್ ಮಾಡಿದರು. ಹಂತಹಂತದ ವಿಧಾನ ಬರೆದುಕೊಟ್ಟಿದ್ದರು, ವಿಡಿಯೋ ತೋರಿಸಿದ್ದರು, ಪಳಗಿದವರು ಓಟಿಯಲ್ಲಿ ಪಕ್ಕದಲ್ಲೇ ನಿಂತು ಹೇಳಿಕೊಟ್ಟಿದ್ದರು. ಅರ್ಧದಲ್ಲಿ ಕೈಬಿಟ್ಟು ಹೊಟ್ಟೆ ತೆರೆಯಬೇಕಾಗಿ ಬಂದದ್ದು ಶೇ 11. ತೀರಿಕೊಂಡವರು ಶೇ 3.5. ಈ ಸಂಖ್ಯೆ ನೋಡಿ ಯಾರೂ ಗಾಬರಿಯಾಗುವುದಿಲ್ಲ, ಯಾಕೆಂದರೆ ದೇಶದ ಒಟ್ಟಾರೆ ವಿಪಲ್ ಸಾವಿನ ಪ್ರಮಾಣವೂ ಶೇ 4ರ ಆಸುಪಾಸು ಇತ್ತು.

ಸರಿ, ತರಬೇತಿ ಆಯಿತು. ಇನ್ನು ನಿಜವಾದ ಪರೀಕ್ಷೆ. 2016ರ ಮೇ ತಿಂಗಳಿಂದ ಲೆಪರ್ಡ್-2ಕ್ಕೆ ರೋಗಿಗಳನ್ನು ಸೇರಿಸಿಕೊಂಡರು. ಯಾರಿಗೆ ಯಾವ ಆಪರೇಷನ್ ಅಂತ ಕಂಪ್ಯೂಟರ್ ಚೀಟಿ ಎತ್ತುತ್ತದೆ. ಆದ ಮೇಲೆ ಇಬ್ಬರ ಹೊಟ್ಟೆಗೂ ಒಂದೇ ಥರದ ದೊಡ್ಡ ಬ್ಯಾಂಡೇಜ್, ತನಗೆ ಯಾವುದಾಗಿದೆ ಅಂತ ರೋಗಿಗೇ ಗೊತ್ತಾಗಬಾರದು. ಚಿಕ್ಕ ಗಾಯ ನೋಡಿದವರು ಸುಮ್ನೆ ಅದರ ಖುಷಿಗೇ ಬೇಗ ಎದ್ದು ಕೂರುತ್ತಾರೆ, ಅಲ್ವಾ, ಅದನ್ನು ತಪ್ಪಿಸಲು.

ಹತ್ತೊಂಬತ್ತು ತಿಂಗಳಲ್ಲಿ ಏನಾಯಿತು ಅಂತ ಶುರುವಿನಲ್ಲೇ ಹೇಳಿದೆ. ಇನ್ನೂ ಕೆಲವು ಸಂಖ್ಯೆ ಸೇರಿಸಬೇಕು. ಗಂಭೀರ ತೊಡಕು: ಲ್ಯಾಪ್ರೋಸ್ಕೋಪಿಯಲ್ಲಿ ಶೇ 50, ಓಪನ್‌ನಲ್ಲಿ ಶೇ 39. ಸೋರಿಕೆ: ಶೇ 28 ಮತ್ತು ಶೇ 24. ಚೇತರಿಸಿಕೊಳ್ಳಲು ಹಿಡಿದ ದಿನ, ಟ್ರಯಲ್ ಮಾಡಿದ್ದೇ ಇದನ್ನು ಅಳೆಯಲು, ಲ್ಯಾಪ್ರೋಸ್ಕೋಪಿಯಲ್ಲಿ 10, ಓಪನ್‌ನಲ್ಲಿ 8. ಬೇಗ ಎದ್ದೇಳಲಿ ಅಂತ ತಂದ ಆಪರೇಷನ್‌ನಲ್ಲಿ ಎರಡು ದಿನ ಜಾಸ್ತಿಯೇ ಬಂದಿದೆ.

ನಿಲ್ಲಿಸಿದ್ದು ಸರಿಯಾ?

ಇಲ್ಲಿ ಅಂಕಿಅಂಶದವರು ಜಗಳಕ್ಕೆ ಬರುತ್ತಾರೆ. 5 ಮತ್ತು 1, ಪಿ ವ್ಯಾಲ್ಯೂ 0.20. ಅಂದರೆ ಪಠ್ಯಪುಸ್ತಕದ ಪ್ರಕಾರ ಇದು ಆಕಸ್ಮಿಕವೂ ಆಗಿರಬಹುದು. ಅಪಾಯ 4.9 ಪಟ್ಟು ಅನ್ನುತ್ತದೆ ಲೆಕ್ಕ, ಆದರೆ ಅನಿಶ್ಚಿತತೆಯ ವ್ಯಾಪ್ತಿ 0.59ರಿಂದ 40.44. ಶೇ 40ರಷ್ಟು ಕಡಿಮೆಯೂ ಇರಬಹುದು, 40 ಪಟ್ಟು ಜಾಸ್ತಿಯೂ ಇರಬಹುದು. ಇಂಥ ಲೆಕ್ಕ ಇಟ್ಟುಕೊಂಡು ಏನೂ ಹೇಳಲು ಬರುವುದಿಲ್ಲ. ಆ ಕಡೆ ಒಂದು ಸಾವು ಕಡಿಮೆಯಾಗಿ ಈ ಕಡೆ ಒಂದು ಜಾಸ್ತಿಯಾಗಿದ್ದರೆ 4 ಮತ್ತು 2 ಆಗುತ್ತಿತ್ತು, ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಆದರೂ ನಿಲ್ಲಿಸಿದ್ದೇ ಸರಿ ಅಂತ ನನ್ನ ಅಭಿಪ್ರಾಯ, ಅದಕ್ಕೆ ಕಾರಣ ಸಾವಿನ ಸಂಖ್ಯೆ ಒಂದೇ ಅಲ್ಲ. ತಕ್ಕಡಿಯ ಇನ್ನೊಂದು ತಟ್ಟೆ ನೋಡಿ. ಅಲ್ಲಿ ಏನಾದರೂ ಲಾಭ ಕಾಣುತ್ತಿದ್ದರೆ, ಜನ ಎರಡು ಮೂರು ದಿನ ಬೇಗ ಮನೆಗೆ ಹೋಗುತ್ತಿದ್ದರೆ, ಇನ್ನಷ್ಟು ರೋಗಿಗಳನ್ನು ನೋಡಿ ತೀರ್ಮಾನಿಸೋಣ ಅನ್ನಬಹುದಿತ್ತು. ಅಲ್ಲಿ ಏನೂ ಇರಲಿಲ್ಲ. ಒಂದು ತಟ್ಟೆಯಲ್ಲಿ ಅನುಮಾನ, ಇನ್ನೊಂದು ಖಾಲಿ. ಮುಂದಿನ ರೋಗಿಯ ಮುಂದೆ ಒಪ್ಪಿಗೆ ಪತ್ರ ಇಟ್ಟು ಯಾವ ಮುಖದಲ್ಲಿ ಸಹಿ ಹಾಕಿ ಅನ್ನುವುದು? ತಂಡದವರೇ ತಮ್ಮ ವರದಿಯಲ್ಲಿ ಇದು ಅನಿರೀಕ್ಷಿತ, ಅಂದುಕೊಂಡಿದ್ದಕ್ಕಿಂತ ಕೆಟ್ಟದ್ದು ಅಂತ ಒಪ್ಪಿಕೊಂಡರು. ಅನುಭವ, ಕಲಿಕೆಯ ಹಂತ, ವರ್ಷಕ್ಕೆ ಮಾಡುವ ಸಂಖ್ಯೆ, ಇವು ಕಾರಣ ಇರಬಹುದು ಅಂದರು. 2019ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಸಣ್ಣ ವಿಷಯ ಅಲ್ಲ ಇದು.

ಈಗ ನನಗೆ ನಿಜಕ್ಕೂ ಕುತೂಹಲ ಇರುವ ಪ್ರಶ್ನೆಗೆ ಬರೋಣ. 20 ಮಾಡಿದವರ ಕೈಯಲ್ಲಿ ಹೀಗೇಕೆ ಆಯಿತು?

ಮೂರು ಗೆರೆಗಳು

ಟ್ರಯಲ್ ಶುರುವಾಗುವ ಒಂದು ವರ್ಷ ಮೊದಲು, 2015ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ ತಾವು ರೋಬೋಟ್‌ನಲ್ಲಿ ಮಾಡಿದ ಮೊದಲ 200 ವಿಪಲ್‌ಗಳ ಲೆಕ್ಕವನ್ನು ಸಾಲಾಗಿ, ಒಂದನ್ನೂ ಬಿಡದೆ ಪ್ರಕಟಿಸಿತ್ತು. ಕಲಿಕೆಯ ಬಗ್ಗೆ ನಾನು ಓದಿದ ಅತ್ಯಂತ ಪ್ರಾಮಾಣಿಕ ಲೆಕ್ಕಗಳಲ್ಲಿ ಅದೂ ಒಂದು.

ಮೊದಲ 20ರಲ್ಲಿ ಮೂರಕ್ಕೊಂದು ಆಪರೇಷನ್, ಶೇ 35, ಅರ್ಧದಲ್ಲಿ ಓಪನ್ ಆಗಿ ಬದಲಾಯಿತು. 20 ದಾಟಿದ ಮೇಲೆ ಅದು ಶೇ 3.3ಕ್ಕೆ ಇಳಿಯಿತು. ರಕ್ತ ಹೋಗುವುದೂ 600 ಮಿಲಿಲೀಟರ್‌ನಿಂದ 250ಕ್ಕೆ ಇಳಿಯಿತು. ಇಷ್ಟೇ ನೋಡಿದರೆ ಏನನ್ನಿಸುತ್ತದೆ? 20 ಆಯಿತು, ಕೈ ಪಳಗಿತು ಅಂತ. ಆದರೆ ಸೋರಿಕೆ ಕಡಿಮೆಯಾಗಿದ್ದು 40 ದಾಟಿದ ಮೇಲೆ, ಶೇ 27.5ರಿಂದ 14.4ಕ್ಕೆ. ಆಪರೇಷನ್‌ಗೆ ಹಿಡಿಯುವ ಸಮಯ ಇಳಿದು ನಿಂತಿದ್ದು 80 ದಾಟಿದ ಮೇಲೆ, 581 ನಿಮಿಷದಿಂದ 417ಕ್ಕೆ.

ಅಂದರೆ ಕಲಿಕೆಯ ಗೆರೆ ಅಂತ ಒಂದಿಲ್ಲ. ಒಂದೇ ಆಪರೇಷನ್ ಒಳಗೆ ಮೂರಾದರೂ ಇವೆ, ಒಂದೊಂದೂ ಒಂದೊಂದು ಕಡೆ ಬಾಗುತ್ತದೆ. ಬಿಡಿಸುವುದು, ರಕ್ತ ನಿಲ್ಲಿಸುವುದು ಬೇಗ ಬರುತ್ತದೆ. ಗಿಣ್ಣಿಗೆ ಹೊಲಿಗೆ ಹಾಕುವುದು ನಿಧಾನ.

ಯಾಕೆ ಹೀಗೆ ಅನ್ನುವುದಕ್ಕೆ ನನ್ನದೊಂದು ಊಹೆ ಇದೆ. ರಕ್ತ ಹೋದರೆ ಅದು ಆ ಕ್ಷಣವೇ ಪರದೆಯ ಮೇಲೆ ಕಾಣುತ್ತದೆ. ತಪ್ಪು ಮಾಡಿದ ಕೈಗೆ ಅಲ್ಲೇ ಪಾಠ ಆಗುತ್ತದೆ, ಅಡುಗೆ ಕಲಿಯುವಾಗ ಒಗ್ಗರಣೆ ಸೀದರೆ ತಕ್ಷಣ ಮೂಗಿಗೆ ಬಡಿಯುವ ಹಾಗೆ. ಹೊಲಿಗೆ ಸರಿ ಬಿದ್ದಿಲ್ಲ ಅನ್ನುವುದು ಗೊತ್ತಾಗುವುದು ನಾಲ್ಕನೇ ದಿನವೋ ಐದನೇ ದಿನವೋ, ವಾರ್ಡಿನಲ್ಲಿ, ಡ್ರೈನ್ ಪೈಪಿನ ಬಣ್ಣ ಬದಲಾದಾಗ. ಅಷ್ಟು ಹೊತ್ತಿಗೆ ಸರ್ಜನ್ ಇನ್ನೆರಡು ಮೂರು ಆಪರೇಷನ್ ಮುಗಿಸಿರುತ್ತಾರೆ. ಯಾವ ಹೊಲಿಗೆ, ಯಾವ ಗಂಟು, ಎಷ್ಟು ಬಿಗಿ ಎಂದು ಕೈಗೆ ನೆನಪಿರುವುದಿಲ್ಲ. ಜೊತೆಗೆ ಸರಿಯಾಗಿ ಹೊಲಿದರೂ ಕೆಲವರಿಗೆ ಸೋರುತ್ತದೆ, ತಪ್ಪಾಗಿ ಹೊಲಿದರೂ ಕೆಲವರಿಗೆ ಸೋರುವುದಿಲ್ಲ. ಇಂಥ ಗದ್ದಲದ ನಡುವೆ ಪಾಠ ಕಲಿಯಲು 20 ಉದಾಹರಣೆ ಸಾಲುತ್ತವಾ?

ಡಚ್ಚರ ಪರವಾಗಿಯೂ ಒಂದು ಮಾತು ಹೇಳಬೇಕು. ಪಿಟ್ಸ್‌ಬರ್ಗ್‌ನವರು ದಾರಿ ಇಲ್ಲದ ಕಡೆ ದಾರಿ ಮಾಡಿಕೊಂಡು ಹೋದವರು, ಅವರಿಗೆ ಹೇಳಿಕೊಡಲು ಯಾರೂ ಇರಲಿಲ್ಲ. ಹಿಂದೆ ಬಂದವರು ಬೇಗ ಕಲಿಯುತ್ತಾರೆ ಅನ್ನುವುದು ನಿಜ, ಆಮೇಲೆ ಪಿಟ್ಸ್‌ಬರ್ಗ್‌ನಲ್ಲೇ ತರಬೇತಿ ಪಡೆದ ಮುಂದಿನ ತಲೆಮಾರಿನವರಲ್ಲಿ ಅದು ಕಂಡಿದೆ. ಹೀಗಾಗಿ ಹೇಳಿಸಿಕೊಂಡು ಕಲಿತವರಿಗೆ 20 ಸಾಕಾಗಬಹುದು ಅಂದುಕೊಂಡದ್ದು ಮೂರ್ಖತನ ಅಲ್ಲ.

ಇಷ್ಟಾದರೂ ಟ್ರಯಲ್‌ನ ರಚನೆಯಲ್ಲೇ ಒಂದು ಗಂಟು ಇತ್ತು. ಇದನ್ನು ನಾನು ಬೆರಳೆಣಿಸಿ ನೋಡಿದೆ. ನಾಲ್ಕು ಆಸ್ಪತ್ರೆ, 19 ತಿಂಗಳು, 50 ಲ್ಯಾಪ್ರೋಸ್ಕೋಪಿ. ಟ್ರಯಲ್‌ನದ್ದಷ್ಟೇ ಲೆಕ್ಕ ಹಿಡಿದರೆ ಒಂದು ಆಸ್ಪತ್ರೆಗೆ ವರ್ಷಕ್ಕೆ ಸರಾಸರಿ ಎಂಟು. ಆರೂವರೆ ವಾರಕ್ಕೊಂದು! ಚೀಟಿ ಎತ್ತುವುದೇ ಇದಕ್ಕೆ ಕಾರಣ. ತರಬೇತಿಯ ಕಾಲದಲ್ಲಿ ತೂತು ಆಪರೇಷನ್‌ಗೆ ಒಗ್ಗುವ ರೋಗಿ ಬಂದರೆ ಸರ್ಜನ್ ಅದನ್ನೇ ಮಾಡಬಹುದಿತ್ತು. ಟ್ರಯಲ್ ಶುರುವಾದ ಮೇಲೆ ಅಂಥ ಇಬ್ಬರಲ್ಲಿ ಒಬ್ಬರು ಓಪನ್ ಕಡೆಗೆ ಹೋದರು. ಕೈ ಇನ್ನೂ ಕಲಿಯುತ್ತಿರುವಾಗಲೇ ಅಭ್ಯಾಸ ಅರ್ಧಕ್ಕಿಳಿಯಿತು. ಪರೀಕ್ಷೆ ಬರೆಯುವ ಹುಡುಗನಿಂದ ಅರ್ಧ ಪುಸ್ತಕ ಕಿತ್ತುಕೊಂಡ ಹಾಗೆ. ಓಪನ್ ವಿಪಲ್ ಅದೇ ಕೈಗಳು ವರ್ಷಗಟ್ಟಲೆ ಮಾಡಿ ಬಂದದ್ದು, ಅದಕ್ಕೆ ಈ ತೊಂದರೆ ಇಲ್ಲ. ಹೋಲಿಕೆ ಇಲ್ಲೇ ಸ್ವಲ್ಪ ವಾಲಿದೆ.

ಆದರೆ ಇದನ್ನು ಲ್ಯಾಪ್ರೋಸ್ಕೋಪಿಯ ಪರ ವಾದವಾಗಿ ತೆಗೆದುಕೊಂಡರೆ ನನಗೆ ಒಪ್ಪಿಗೆ ಇಲ್ಲ. ಒಂದು ಆಪರೇಷನ್ ಸುರಕ್ಷಿತವಾಗಿರಬೇಕಾದರೆ ವಾರಕ್ಕೊಂದು ಮಾಡುತ್ತಲೇ ಇರಬೇಕು ಎಂದಾದರೆ, ಅದು ಆ ಆಪರೇಷನ್‌ನ ಗುಣ. ಅದನ್ನೂ ಬೆಲೆಯಲ್ಲಿ ಸೇರಿಸಿಯೇ ಲೆಕ್ಕ ಹಾಕಬೇಕು.

ಗಡಿಯಾರ ನೋಡಿ ಕಲಿಕೆ ಅಳೆಯುವ ಚಟ

ಈ ಮಾತು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಸರ್ಜರಿಯಲ್ಲಿ ಕಲಿಕೆ ಅಳೆಯಲು ಕ್ಯುಸಮ್ ಅನ್ನುವ ವಿಧಾನ ಬಳಸುತ್ತಾರೆ. ಸರಳ ಇದೆ. ಒಬ್ಬ ಸರ್ಜನ್‌ನ ಎಲ್ಲ ಆಪರೇಷನ್‌ಗಳ ಸರಾಸರಿ ಸಮಯ ತೆಗೆಯಿರಿ. ಮೊದಲನೆಯದಕ್ಕೆ ಸರಾಸರಿಗಿಂತ ಎಷ್ಟು ನಿಮಿಷ ಜಾಸ್ತಿ ಹಿಡಿಯಿತು, ಬರೆಯಿರಿ. ಎರಡನೆಯದರ ವ್ಯತ್ಯಾಸ ಅದಕ್ಕೆ ಕೂಡಿಸಿ. ಹೀಗೇ ಕೂಡಿಸುತ್ತಾ ಹೋದರೆ ಗೆರೆ ಏರುತ್ತದೆ, ಒಂದು ಕಡೆ ತುದಿ ಮುಟ್ಟಿ ಇಳಿಯುತ್ತದೆ. ಆ ತುದಿಯೇ ಕಲಿಕೆಯ ತಿರುವು ಅಂತ ಬರೆದು ಪ್ರಬಂಧ ಕಳಿಸುತ್ತಾರೆ.

ಇದರಲ್ಲಿ ಒಂದು ಮೋಸ ಅಡಗಿದೆ, ಬೇಕಂತ ಮಾಡಿದ್ದಲ್ಲ, ಲೆಕ್ಕದ ಸ್ವಭಾವವೇ ಅದು. ಹೋಲಿಸುತ್ತಿರುವುದು ಅವರದೇ ಸರಾಸರಿಗೆ. ಕಾಲಕ್ರಮೇಣ ಒಂದಿಷ್ಟು ವೇಗ ಬಂದವರಿಗೆಲ್ಲ ಎಲ್ಲೋ ಒಂದು ಕಡೆ ತುದಿ ಬಂದೇ ಬರುತ್ತದೆ, ಅವರ ರೋಗಿಗಳು ಚೆನ್ನಾಗಿದ್ದರೂ ಇಲ್ಲದಿದ್ದರೂ. ಕಡಿಮೆ ಕೇಸ್‌ಗಳ ಪಟ್ಟಿ ಕೊಟ್ಟರೆ ತುದಿಯೂ ಬೇಗ ಬರುತ್ತದೆ. 50 ಕೇಸ್ ಕೊಟ್ಟವರಿಗೆ 120ರಲ್ಲಿ ತಿರುವು ಕಾಣುವುದು ಹೇಗೆ? ಸಮಯ ಅಳೆಯುವುದು ಸುಲಭ, ಓಟಿಯ ರಿಜಿಸ್ಟರ್‌ನಲ್ಲೇ ಇರುತ್ತದೆ, ಅದಕ್ಕೇ ಎಲ್ಲರೂ ಸಮಯ ಹಿಡಿದುಕೊಂಡು ಕೂತಿದ್ದಾರೆ. ಈ ಕಲಿಕೆಯ ಗೆರೆಯ ಒಂದು ಬೇರು ಇರುವುದೂ ವಿಮಾನದ ಕಾರ್ಖಾನೆಯಲ್ಲೇ. 1936ರಲ್ಲಿ ಟಿ. ಪಿ. ರೈಟ್ ಅನ್ನುವ ಎಂಜಿನಿಯರ್ ವಿಮಾನಗಳ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಒಂದೊಂದಕ್ಕೆ ತಗಲುವ ಕೂಲಿ ಸುಮಾರು ಶೇ 20ರಷ್ಟು ಇಳಿಯುತ್ತದೆ ಎಂದು ತೋರಿಸಿದ. ಕಾರ್ಖಾನೆಯಲ್ಲಿ ಸಮಯವೇ ದುಡ್ಡು, ಅಲ್ಲಿ ಸರಿ. ಹೊಟ್ಟೆಯೊಳಗೆ?

ಆಮೇಲೆ ರೋಬೋಟ್

ಲೆಪರ್ಡ್-2 ಆದ ಮೇಲೆ ಡಚ್ಚರು ಲ್ಯಾಪ್ರೋಸ್ಕೋಪಿ ವಿಪಲ್ ಬಿಟ್ಟು, ಅಷ್ಟರಲ್ಲಿ ಆಗಲೇ ಶುರು ಮಾಡಿದ್ದ ರೋಬೋಟ್ ಕಡೆ ಹೊರಳಿದರು. ರೋಬೋಟ್ ಅಂದ ತಕ್ಷಣ ಅದೇ ಆಪರೇಷನ್ ಮಾಡುತ್ತದೆ ಅಂದುಕೊಳ್ಳಬೇಡಿ, ನಮ್ಮ ಕಡೆ ಬಹಳ ಜನ ಹಾಗೇ ತಿಳಿದಿದ್ದಾರೆ. ಅದು ಸರ್ಜನ್‌ನ ಕೈಗೆ ಹಾಕಿದ ಉದ್ದನೆಯ ಬೆರಳುಗಳಷ್ಟೇ. ಆದರೆ ಆ ಬೆರಳುಗಳ ತುದಿಗೆ ಮಣಿಕಟ್ಟಿದೆ, ನಡುಕ ಸೋಸಿಹೋಗುತ್ತದೆ, ಆಳ ಕಾಣುತ್ತದೆ. ಲ್ಯಾಪ್ರೋಸ್ಕೋಪಿಯಲ್ಲಿ ಎಡವುತ್ತಿದ್ದ ಆ ಹೊಲಿಗೆಗೇ ಹೇಳಿ ಮಾಡಿಸಿದ ಹಾಗಿದೆ. ಕೊರತೆ ಅಂದರೆ ಆ ಕಾಲದ ಯಂತ್ರಗಳಲ್ಲಿ ಕೈಗೆ ಸ್ಪರ್ಶ ತಿಳಿಯುತ್ತಿರಲಿಲ್ಲ, ದಾರ ಎಷ್ಟು ಬಿಗಿಯಾಯಿತು ಎಂದು ಕಣ್ಣಲ್ಲೇ ನೋಡಿ ಅಂದಾಜು ಮಾಡಬೇಕು.

ಈ ಸಲ ತರಬೇತಿಯನ್ನೂ ಬದಲಿಸಿದರು. ಪಿಟ್ಸ್‌ಬರ್ಗ್‌ನವರ ಜೊತೆ ಸೇರಿ ಸಿಮ್ಯುಲೇಟರ್ ಅಭ್ಯಾಸ, ಆಮೇಲೆ ಅಂಗಾಂಶದ ಹಾಗೇ ಇರುವ ಕೃತಕ ವಸ್ತುವಿನ ಮೇಲೆ ಆ ಜೋಡಣೆಗಳನ್ನು ಮತ್ತೆ ಮತ್ತೆ ಹೊಲಿಯುವುದು, ಆಮೇಲೆ ಓಟಿಯಲ್ಲಿ ಪಕ್ಕದಲ್ಲಿ ನಿಂತು ಹೇಳಿಕೊಡುವುದು. ನನಗೆ ಇಷ್ಟವಾದದ್ದು ಎರಡನೆಯದು. ಮೇಲೆ ಹೇಳಿದ ಐದನೇ ದಿನದ ಪಾಠ ಇಲ್ಲಿ ಐದೇ ನಿಮಿಷಕ್ಕೆ ಬರುತ್ತದೆ, ಹೊಲಿಗೆ ಬಿಚ್ಚಿ ನೋಡಬಹುದು, ಹರಿದದ್ದು ರೋಗಿಯ ಪ್ಯಾಂಕ್ರಿಯಾಸ್ ಅಲ್ಲ.

2016ರಿಂದ 2019ರವರೆಗೆ ಏಳು ಆಸ್ಪತ್ರೆ, 15 ಸರ್ಜನ್‌ಗಳು, 275 ರೋಗಿಗಳು. ಹೆಸರು ಲೇಲ್ಯಾಪ್ಸ್-3. ಓಪನ್‌ಗೆ ಬದಲಾದದ್ದು ಶೇ 6.5, ತೀರಿಕೊಂಡವರು ಶೇ 2.5. ಒಳ್ಳೆಯ ಸಂಖ್ಯೆ. ಸೋರಿಕೆ ಶೇ 23.6, ಗಂಭೀರ ತೊಡಕು ಶೇ 44, ಅದು ಅಷ್ಟೇನೂ ಬದಲಾಗಿಲ್ಲ. ತಿರುವು ಎಷ್ಟನೇ ಆಪರೇಷನ್‌ನಲ್ಲಿ ಬಂತು ಗೊತ್ತಾ? 22. ಯಾವುದರ ಮೇಲೆ ಅಳೆದದ್ದು? ಸಮಯದ ಮೇಲೆ. ಓದುವಾಗ ನಗು ಬಂತು, ಆಮೇಲೆ ಬರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಅವರು ಅದನ್ನು ಕರೆದದ್ದು ಕಲಿಕೆಯ ಮೊದಲ ಹಂತ, ಮಾಡಲು ಸಾಧ್ಯ ಅನ್ನುವ ಹಂತ ಅಂತ, ಪಳಗಿದ ಹಂತ ಅಂತ ಅಲ್ಲ. ಆದರೆ ಇಂಥ ಸಂಖ್ಯೆ ಪ್ರಬಂಧದಿಂದ ಹೊರಗೆ ಬಂದು ಭಾಷಣಗಳಲ್ಲಿ, ಯಂತ್ರ ಮಾರುವವರ ಸ್ಲೈಡ್‌ಗಳಲ್ಲಿ ಓಡಾಡುವಾಗ ಆ ವಿಶೇಷಣ ಉದುರಿಹೋಗುತ್ತದೆ.

ಹೊಸ ಯಂತ್ರ ಬಂದರೆ ಹಳೆಯ ಪಾಠ ಮತ್ತೆ ಶುರುವಿನಿಂದ ಕಲಿಯಬೇಕಾಗುತ್ತದೆ ಅನ್ನುವುದಕ್ಕೆ ಪಿತ್ತಕೋಶವೇ ಇನ್ನೊಮ್ಮೆ ಸಾಕ್ಷಿ. 2023ರಲ್ಲಿ ಅಮೆರಿಕದ ಮೆಡಿಕೇರ್‌ನ, ಅಂದರೆ ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ವಿಮೆಯ, ಹತ್ತು ಲಕ್ಷಕ್ಕೂ ಹೆಚ್ಚು ರೋಗಿಗಳ ಲೆಕ್ಕ ಬಂತು. ಪಿತ್ತನಾಳಕ್ಕೆ ಪೆಟ್ಟಾಗಿ ಮತ್ತೆ ಆಪರೇಷನ್ ಬೇಕಾದದ್ದು ಲ್ಯಾಪ್ರೋಸ್ಕೋಪಿಯಲ್ಲಿ ಶೇ 0.2, ರೋಬೋಟ್‌ನಲ್ಲಿ ಶೇ 0.7. ಪ್ರಮಾಣ ಸಣ್ಣದು, ಆದರೆ ಮೂರು ಪಟ್ಟು ಜಾಸ್ತಿ. ನಮ್ಮ ದೊಡ್ಡಮ್ಮನಿಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಅಂದಾಗ ಕೌಂಟರ್‌ನಲ್ಲಿ ಕೂತವರು ಮೊದಲು ಕೇಳಿದ್ದು ರೋಬೋಟ್ ಪ್ಯಾಕೇಜಾ, ನಾರ್ಮಲ್ ಪ್ಯಾಕೇಜಾ ಅಂತ. ಡಾಕ್ಟ್ರು ಇದರಲ್ಲಿ ಎಷ್ಟು ಮಾಡಿದ್ದಾರೆ ಅಂದೆ. ಮುಖ ನೋಡಿದರು. "ಯಂತ್ರ ಹೊಸದು ಸರ್, ತುಂಬಾ ಚೆನ್ನಾಗಿದೆ" ಅಂದರು. ದೊಡ್ಡಮ್ಮ ನಾರ್ಮಲ್‌ನಲ್ಲೇ ಮಾಡಿಸಿಕೊಂಡು ಮೂರನೇ ದಿನ ಮನೆಗೆ ಬಂದು ಸಾರಿಗೆ ಉಪ್ಪು ಕಡಿಮೆ ಅಂತ ಗೊಣಗಿದರು.

ಕೊಯಮತ್ತೂರು ಮತ್ತು ಚೀನಾ

ಲೆಪರ್ಡ್-2 ನೋಡಿ ಲ್ಯಾಪ್ರೋಸ್ಕೋಪಿಯ ವಿಪಲ್ ಆಗದ ಕೆಲಸ ಅಂದುಬಿಡುವ ಹಾಗಿಲ್ಲ. ಅದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ಕೊಯಮತ್ತೂರಿನ ಜೆಮ್ ಆಸ್ಪತ್ರೆಯ ಡಾ. ಸಿ. ಪಳನಿವೇಲು ಅವರ ತಂಡ 1998ರಿಂದಲೇ ಇದನ್ನು ಮಾಡುತ್ತಾ ಬಂದಿದೆ. ಅವರ ಟ್ರಯಲ್ 2017ರಲ್ಲಿ ಪ್ರಕಟವಾಯಿತು, 64 ರೋಗಿಗಳು. ಆಸ್ಪತ್ರೆಯಲ್ಲಿ ಉಳಿದ ದಿನ ಲ್ಯಾಪ್ರೋಸ್ಕೋಪಿಯಲ್ಲಿ 7, ಓಪನ್‌ನಲ್ಲಿ 13. ಅಂದರೆ ಡಚ್ಚರ ಟ್ರಯಲ್ ನಡೆಯುತ್ತಿದ್ದಾಗಲೇ ಇಲ್ಲಿ ಇಂಥ ಫಲಿತಾಂಶ ಬಂದಿತ್ತು. ಆದರೆ ಒಂದೇ ಆಸ್ಪತ್ರೆ, ಹತ್ತಾರು ವರ್ಷ ಇದನ್ನೇ ಮಾಡಿ ಪಳಗಿದ ಕೈಗಳು. ಆ ಫಲಿತಾಂಶ ಆ ಆಪರೇಷನ್‌ನದ್ದಾ, ಆ ಕೈಗಳದ್ದಾ ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ. ಕೊಯಮತ್ತೂರಿನ ಫಲಿತಾಂಶ ನೋಡಿ ಇನ್ನೊಂದು ಊರಿನಲ್ಲಿ ಶುರು ಮಾಡಿದವರಿಗೆ ಸಿಗುವುದು ಕೊಯಮತ್ತೂರಿನ 1998, 2017 ಅಲ್ಲ.

ಲೆಪರ್ಡ್-2 ಎತ್ತಿದ ಪ್ರಶ್ನೆಗೆ ನೇರ ಉತ್ತರ ಬಂದದ್ದು ಚೀನಾದಿಂದ. ಅಲ್ಲಿನವರು ಮೊದಲು ಸಾವಿರಕ್ಕೂ ಹೆಚ್ಚು ಲ್ಯಾಪ್ರೋಸ್ಕೋಪಿ ವಿಪಲ್‌ಗಳ ಲೆಕ್ಕ ತೆಗೆದು ಕಲಿಕೆ ಎಲ್ಲಿ ಬಾಗುತ್ತದೆ ಎಂದು ನೋಡಿದರು. 40ರಲ್ಲಿ ಒಂದು ತಿರುವು, 104ರಲ್ಲಿ ಇನ್ನೊಂದು. ಹಾಗಾದರೆ 104 ಮಾಡಿದವರನ್ನೇ ತೆಗೆದುಕೊಳ್ಳೋಣ ಅಂದರು. 2018-19ರಲ್ಲಿ 14 ಆಸ್ಪತ್ರೆಗಳಲ್ಲಿ 656 ರೋಗಿಗಳ ಟ್ರಯಲ್ ಮಾಡಿದರು, 2021ರಲ್ಲಿ ಫಲಿತಾಂಶ ಕೊಟ್ಟರು. 90 ದಿನದ ಸಾವು ಎರಡೂ ಗುಂಪಿನಲ್ಲಿ ಶೇ 2ರ ಆಸುಪಾಸು, ವ್ಯತ್ಯಾಸ ಇಲ್ಲ. ಅಂದರೆ ಡಚ್ಚರಲ್ಲಿ ಕಂಡ ಅಪಾಯ ಇಲ್ಲಿ ಕಾಣಲಿಲ್ಲ. ಕೈ ಪೂರ್ತಿ ಪಳಗಿದ್ದರೆ ರೋಗಿ ಸಾಯಬೇಕಾಗಿಲ್ಲ ಎಂದು ಇದರಿಂದ ತಿಳಿಯಬಹುದು.

104 ಎಂದರೆ ಎಷ್ಟು ಅಂತ ಒಮ್ಮೆ ಎಣಿಸಿ ನೋಡಿ. ವರ್ಷಕ್ಕೆ 20 ಮಾಡುವ ಸರ್ಜನ್‌ಗೆ ಐದು ವರ್ಷದ ಮೇಲೆ. ಡಚ್ ಟ್ರಯಲ್‌ನಲ್ಲಿ ಒಂದು ಆಸ್ಪತ್ರೆಗೆ ಬಂದ ವರ್ಷಕ್ಕೆ ಎಂಟರ ಲೆಕ್ಕದಲ್ಲಿ ಹೋದರೆ 13 ವರ್ಷ. ಆ ಮೊದಲ 103 ರೋಗಿಗಳು ಯಾರು, ಎಲ್ಲಿದ್ದರು, ಅವರಲ್ಲಿ ಎಷ್ಟು ಜನಕ್ಕೆ ತಾವು ಎಷ್ಟನೆಯವರು ಅಂತ ಗೊತ್ತಿತ್ತು ಅನ್ನುವುದು ಆ ಟ್ರಯಲ್‌ನ ಕೋಷ್ಟಕದಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ, ಅವರ ಆಪರೇಷನ್ ಟ್ರಯಲ್ ಶುರುವಾಗುವ ಮೊದಲೇ ಆಗಿಹೋಗಿತ್ತು.

1994ರ ಆ ಪ್ರಶ್ನೆ ಬಾಕಿ ಇತ್ತಲ್ಲ, ಲಾಭ ಎಷ್ಟು ಅಂತ. 104 ದಾಟಿದ ಆ ಕೈಗಳಲ್ಲಿ ಲ್ಯಾಪ್ರೋಸ್ಕೋಪಿ ಆದವರು ಆಸ್ಪತ್ರೆಯಲ್ಲಿ ಇದ್ದದ್ದು 15 ದಿನ. ಹೊಟ್ಟೆ ತೆರೆಸಿಕೊಂಡವರು 16 ದಿನ.